ಏರಿಯ ಹಿಂಬದಿ ನೋಡಿ: ತೋಟದ ದೋಣಿಕೆರೆ ಕಾಯುವ ಬಗೆ

ನಮ್ಮ ಹೋಂಸ್ಟೇಗೆ ಬರುವವರೆಲ್ಲ ಕೆರೆ ಏರಿ ಮೇಲೆ ನಿಂತು, ನೀರಿನ ಕಡೆ ತಿರುಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಬೆಳಿಗ್ಗೆ ಎದ್ದು ನೋಡಲು ಹೋಗುವುದು ಅದರ ಬೆನ್ನನ್ನು. ನೀರಿನ ಕಡೆಯಿಂದ ನೋಡಿದರೆ ಎಲ್ಲ ಕೆರೆಯೂ ಚಂದವೇ. ಏರಿ ಹಾಳಾಗುತ್ತಿದ್ದರೆ ಅದು ಗೊತ್ತಾಗುವುದು ಹಿಂಬದಿಯಲ್ಲಿ, ಅದರಲ್ಲೂ ಬುಡದಲ್ಲಿ.

ನಮ್ಮದು ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆ ಕಡೆ ಹೋಗುವ ದಾರಿಯಲ್ಲಿ ಕಾಫಿ ತೋಟ. ಕೊಲ್ಲಿಗೆ, ಅಂದರೆ ಗುಡ್ಡಗಳ ನಡುವೆ ಹರಿಯುವ ತೊರೆಗೆ, ಅಡ್ಡವಾಗಿ ನಮ್ಮ ಮಾವ ಮಣ್ಣಿನ ಏರಿ ಹಾಕಿಸಿದ್ದರು. ಎತ್ತರ 18 ಅಡಿ, ತುಂಬಿದಾಗ ನೀರು ಒಂದು ಎಕರೆ ಹರಡುತ್ತದೆ. ಅವರಿಗೆ ಅದು ಬೇಕಾಗಿದ್ದದ್ದು ಫೆಬ್ರವರಿ-ಮಾರ್ಚಿನಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಲು. ಹೋಂಸ್ಟೇ ಶುರು ಮಾಡಿದ ಮೇಲೆ ನಾವು ಎರಡು ಪೆಡಲ್ ದೋಣಿ, ಒಂದು ಹರಗೋಲು ಇಳಿಸಿದೆವು. ಅಂದಿನಿಂದ ಎಲ್ಲರ ಬಾಯಲ್ಲೂ ಅದು ಬೋಟಿಂಗ್ ಪಾಂಡ್ ಆಯಿತು. ಆ ಹೆಸರು ನನಗೆ ಇಷ್ಟವಿಲ್ಲ. ಸರಾಸರಿ ಆರು ಅಡಿ ಆಳ ಅಂತ ಹಿಡಿದರೂ ಅಲ್ಲಿ ನಿಂತಿರುವುದು ಸುಮಾರು 74 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 740 ಟ್ಯಾಂಕರ್ ನೀರು. ಏರಿಯ ಕೆಳಗೆ ಆಗ ತೋಟದ ಕೆಲಸಗಾರರ ಆರು ಲೈನ್ ಮನೆಗಳಿದ್ದವು. ಅದರಾಚೆ ಗದ್ದೆ, ಗದ್ದೆಯಾಚೆ ರಸ್ತೆಯ ಮೋರಿ.

ಇಂಥ ಕೆರೆಗಳನ್ನು ಯಾರೋ ಬಂದು ಪರೀಕ್ಷೆ ಮಾಡುತ್ತಾರೆ ಅಂತ ಕಾಯಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ, ಮತ್ತು 10ರಿಂದ 15 ಮೀಟರ್ ನಡುವಿನವುಗಳಲ್ಲಿ ಉದ್ದ, ನೀರಿನ ಪ್ರಮಾಣದಂಥ ಕೆಲವು ಷರತ್ತಿಗೆ ಒಳಪಡುವವಕ್ಕೆ. ನಮ್ಮ ಜಿಲ್ಲೆಯ ಹಾರಂಗಿ ಅಣೆಕಟ್ಟು ಅದರೊಳಗೆ ಬರುತ್ತದೆ, ನಮ್ಮ 18 ಅಡಿಯ ಏರಿ ಬರುವುದಿಲ್ಲ. ಹಾಗಂತ ಹೊಣೆ ತಪ್ಪುವುದಿಲ್ಲ. ಇಂಗ್ಲೆಂಡಿನ ಒಬ್ಬ ಗಿರಣಿ ಮಾಲೀಕ ಕಟ್ಟಿಸಿದ ಕೆರೆಯ ನೀರು ಪಕ್ಕದವರ ಗಣಿಗೆ ನುಗ್ಗಿದ ಮೊಕದ್ದಮೆಯಲ್ಲಿ, ಮಾಲೀಕನದೇ ತಪ್ಪಿಲ್ಲದಿದ್ದರೂ ನಷ್ಟ ಅವನೇ ತುಂಬಬೇಕು ಅಂತ 1868ರಲ್ಲೇ ತೀರ್ಪಾಯಿತು. ನಮ್ಮ ದೇಶದ ನ್ಯಾಯಾಲಯಗಳೂ ಆ ತತ್ತ್ವವನ್ನು ಒಪ್ಪಿವೆ. ನೀರು ಕಟ್ಟಿ ನಿಲ್ಲಿಸಿದವರು ನಾವು, ಕಾಯಬೇಕಾದವರೂ ನಾವೇ.

ಮೊದಲು ಕೋಡಿ

ಮಣ್ಣಿನ ಏರಿ ಒಡೆಯಲು ಎಲ್ಲಕ್ಕಿಂತ ದೊಡ್ಡ ಕಾರಣ ನೀರು ಅದರ ನೆತ್ತಿಯ ಮೇಲೆ ಹತ್ತುವುದು. ಕಲ್ಲಿನ ಕಟ್ಟೆಯಾದರೆ ಸ್ವಲ್ಪ ಹೊತ್ತು ತಡೆದೀತು. ಮಣ್ಣಿನದು ತಡೆಯುವುದಿಲ್ಲ, ಹಿಂಬದಿಯಲ್ಲಿ ಒಂದು ಸಣ್ಣ ಕೊರಕಲು ಬಿದ್ದರೆ ಅದು ನೋಡನೋಡುತ್ತ ಮೇಲಕ್ಕೆ ತಿನ್ನುತ್ತ ಬರುತ್ತದೆ. ಹೆಚ್ಚಾದ ನೀರು ಹೋಗಲು ಇರುವ ದಾರಿ ಕೋಡಿ ಒಂದೇ.

2018ರ ಆಗಸ್ಟಿನಲ್ಲಿ ನಮ್ಮ ಕೋಡಿಗೆ ನಾವೇ ಎರಡು ಅಡ್ಡಿ ಮಾಡಿಟ್ಟಿದ್ದೆವು. ದೋಣಿ ತಂದುಕೊಟ್ಟವರು, ಇನ್ನೊಂದಡಿ ನೀರು ನಿಂತರೆ ದೋಣಿ ನೆಲಕ್ಕೆ ತಾಗುವುದಿಲ್ಲ ಅಂದರು. ಕೋಡಿಗೆ ಹಲಗೆ ಇಟ್ಟೆವು. ಕಾಟ್ಲಾ, ರೋಹು ಬಿಟ್ಟಿದ್ದೆವು, ಮೀನು ಹರಿದು ಹೋಗದಿರಲಿ ಅಂತ ಹಲಗೆಯ ಮೇಲೆ ಬಲೆ ಕಟ್ಟಿದೆವು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಆ ವಾರ ನಮ್ಮಲ್ಲೂ ಹಗಲು ರಾತ್ರಿ ಒಂದೇ ಮಳೆ. ಕರೆಂಟಿಲ್ಲ, ಫೋನಿಲ್ಲ. ರಾತ್ರಿ ಒಂದೂವರೆ ಹೊತ್ತಿಗೆ ಮೇಸ್ತ್ರಿ ಬಂದು ಬಾಗಿಲು ತಟ್ಟಿದರು. "ಅಮ್ಮಾ, ಕೋಡಿ ಸದ್ದು ನಿಂತುಹೋಗಿದೆ" ಅಂದರು. ಅಂಥ ಮಳೆಯಲ್ಲಿ ಕೋಡಿ ಸದ್ದು ನಿಲ್ಲುವುದೆಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಸಿಲ್ವರ್ ಓಕ್ ಎಲೆಯೆಲ್ಲ ಬಲೆಗೆ ಬಂದು ಮೆತ್ತಿ ಗೋಡೆಯ ಹಾಗೆ ಕೂತಿತ್ತು. ಟಾರ್ಚ್ ಬಿಟ್ಟು ನೋಡಿದರೆ ನೀರು ಏರಿ ನೆತ್ತಿಯಿಂದ ನಾಲ್ಕು ಬೆರಳು ಕೆಳಗಿದೆ. ಲೈನಿನ ಮಕ್ಕಳನ್ನೂ ದೊಡ್ಡವರನ್ನೂ ಎಬ್ಬಿಸಿ ಕಣದ ಪಕ್ಕದ ಗೋದಾಮಿಗೆ ಹತ್ತಿಸಿದೆವು. ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕತ್ತಿಯಲ್ಲಿ ಬಲೆ ಕೊಯ್ದರು. ಹಗ್ಗದ ಇನ್ನೊಂದು ತುದಿ ಹಿಡಿದಿದ್ದವಳು ನಾನು. ಹಲಗೆ ಒಂದೊಂದೇ ಕಿತ್ತು ಬಂತು. ನೀರು ಇಳಿಯಲು ಬೆಳಗಾಯಿತು.

ಆದ್ದರಿಂದ ಕೋಡಿಯಲ್ಲಿ ಹಲಗೆ ಬೇಡ, ಮರಳಿನ ಚೀಲ ಬೇಡ, ಬಲೆ ಬೇಡ, ದಾಟಲು ಹಾಕಿದ ಅಡಿಕೆ ಮರದ ಸಂಕವೂ ಬೇಡ. ಮೀನು ಹೋದರೆ ಹೋಗಲಿ.

ಕೋಡಿ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ತೋಟದವರಿಗೆ ಕೈಗೆಟುಕುವ ಲೆಕ್ಕ ಒಂದಿದೆ. ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವವರು. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಅದೇ ಒಂದು ಇಂಚು ಒಂದು ಗಂಟೆಯಲ್ಲಿ ಬಿದ್ದು ಪೂರ್ತಿ ಹರಿದರೆ ಎಕರೆಗೆ ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಈಗ ನಿಮ್ಮ ಕೆರೆಗೆ ನೀರು ಬರುವ ಜಾಗ ಎಷ್ಟು ಎಕರೆ ನೋಡಿ. ಕೆರೆ ಮಾತ್ರ ಅಲ್ಲ, ಅದರ ಮೇಲಿನ ತೋಟ, ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಮೀನು), ಪಕ್ಕದವರ ಗುಡ್ಡ ಎಲ್ಲ ಸೇರಿಸಿ. ನಮ್ಮದು 20 ಎಕರೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ನೆಲ ನೀರು ಕುಡಿದು ತುಂಬಿರುತ್ತದೆ, ಬಿದ್ದದ್ದೆಲ್ಲ ಹರಿಯುತ್ತದೆ ಅಂತಲೇ ಹಿಡಿಯಬೇಕು. ಗಂಟೆಗೆ ಎರಡು ಇಂಚು ಹೊಡೆದರೆ 40 ಕ್ಯೂಸೆಕ್. ಅದು 12 ಅಡಿ ಅಗಲದ ಕೋಡಿಯಲ್ಲಿ ಒಂದಡಿ ಚಿಲ್ಲರೆ ಎತ್ತರಕ್ಕೆ ಹರಿಯುತ್ತದೆ. 6 ಅಡಿ ಅಗಲವಾದರೆ ಒಂದೂ ಮುಕ್ಕಾಲು ಅಡಿ. 3 ಅಡಿಯಾದರೆ ಎರಡೂ ಮುಕ್ಕಾಲು ಅಡಿ. ಅಷ್ಟು ಎತ್ತರ ಹರಿಯುವಾಗಲೂ ಏರಿ ನೆತ್ತಿ ಇನ್ನೂ ಒಂದೆರಡು ಅಡಿ ಮೇಲೆ ಉಳಿದಿರಬೇಕು. ನಮ್ಮ ಕೋಡಿ 5 ಅಡಿ ಇತ್ತು. 2019ರ ಬೇಸಿಗೆಯಲ್ಲಿ ಅದನ್ನು ಒಡೆಸಿ 14 ಅಡಿ ಮಾಡಿಸಿದೆವು, ಹರಿದುಹೋಗುವ ಕಾಲುವೆಗೆ ಏರಿಯ ಬುಡ ದಾಟುವವರೆಗೂ ಕಲ್ಲು ಕಟ್ಟಿಸಿದೆವು. ಕೋಡಿ ನೀರು ತಿರುಗಿ ಏರಿಯ ಬುಡಕ್ಕೇ ಬಡಿಯುವಂತಿದ್ದರೆ ಎಷ್ಟು ಅಗಲ ಮಾಡಿದರೂ ಅಪಾಯವೇ.

ಇದು ತೋಟದವರು ಅಂದಾಜಿಗೆ ಇಟ್ಟುಕೊಳ್ಳುವ ಲೆಕ್ಕ. ಕಟ್ಟಿಸುವ ಮೊದಲು ಕೆರೆ ಕೆಲಸ ಮಾಡಿಸಿ ಗೊತ್ತಿರುವ ಸಿವಿಲ್ ಎಂಜಿನಿಯರಿಗೆ ತೋರಿಸಿ. ಮನೆ ಕಟ್ಟುವವರಿಗೆಲ್ಲ ಮಣ್ಣಿನ ಏರಿ ಗೊತ್ತಿರುವುದಿಲ್ಲ.

ಬುಡದಲ್ಲಿ ನಡೆಯುವುದು

ವಾರಕ್ಕೊಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ, ಏರಿಯ ಹಿಂಬದಿಯ ಬುಡದುದ್ದಕ್ಕೂ ಈ ತುದಿಯಿಂದ ಆ ತುದಿಗೆ ನಡೆಯಿರಿ. ಬೂಟು ಹಾಕಿಕೊಂಡು, ಕೋಲಿನಲ್ಲಿ ಹುಲ್ಲು ಸರಿಸಿಕೊಂಡು. ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೆ ಏನೂ ಕಾಣುವುದಿಲ್ಲ, ಗಿಡ್ಡ ಕತ್ತರಿಸಿಟ್ಟಿರಬೇಕು. ನಮ್ಮಲ್ಲಿ ಕಾಡು ಕೊಚ್ಚುವಾಗ, ಅಂದರೆ ತೋಟದ ಕಳೆ ಕತ್ತರಿಸುವಾಗ, ಏರಿಯ ಹಿಂಬದಿ ಬಿಟ್ಟುಹೋಗುವುದು ವಾಡಿಕೆ, ಅಲ್ಲಿ ಕಾಫಿ ಇಲ್ಲವಲ್ಲ ಅಂತ. ನಾನು ಈಗ ಅಲ್ಲಿಂದಲೇ ಶುರು ಮಾಡಿಸುತ್ತೇನೆ.

ಹುಡುಕಬೇಕಾದದ್ದು ತೇವ. ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜ. ಎಲ್ಲಿ ಒಸರುತ್ತದೆ, ಎಷ್ಟು, ನೀರು ತಿಳಿಯೋ ಬಗ್ಗಡವೋ ಅನ್ನುವುದರಲ್ಲೇ ಎಲ್ಲ ಇದೆ.

2021ರ ಮಾರ್ಚಿನಲ್ಲಿ ಸುತ್ತ ಹುಲ್ಲೆಲ್ಲ ಒಣಗಿ ಕಂದಾಗಿದ್ದಾಗ ನಮ್ಮ ಏರಿಯ ಬುಡದಲ್ಲಿ, ಎಡಗಡೆಯಿಂದ ಮೂರನೇ ಒಂದು ಭಾಗದ ಹತ್ತಿರ, ಚಾಪೆಯಗಲ ಜಾಗದಲ್ಲಿ ಕೆಸು ಹಸಿರಾಗಿ ನಿಂತಿತ್ತು. ಯಾರೂ ನೆಟ್ಟಿದ್ದಲ್ಲ. ಕೆಸು ಕಿತ್ತು ನೋಡಿದೆ. ಕೆಳಗೆ ಮಣ್ಣು ಮೆತ್ತಗೆ, ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ತೆಗೆದ ಕೂಡಲೇ ಕುಳಿಯಲ್ಲಿ ನೀರು ತುಂಬುತ್ತದೆ. ಆ ಜಾಗಕ್ಕೆ ಗೂಟ ಹೊಡೆದು, ನೀರು ಒಂದೇ ಕಡೆ ಕೂಡುವಂತೆ ಗೇಣುದ್ದದ ಸಣ್ಣ ಚರಂಡಿ ತೋಡಿ, ಅದರ ತುದಿಗೆ ಅರ್ಧ ಇಂಚಿನ ಪಿವಿಸಿ ತುಂಡು ಇಟ್ಟೆವು. ಏರಿಯ ಮೈಯನ್ನು ಅಗೆಯಲಿಲ್ಲ, ಅಗೆಯಲೂಬಾರದು. ಪೈಪಿನ ಕೆಳಗೆ ಲೀಟರ್ ಬಾಟಲಿ ಹಿಡಿದರೆ ತುಂಬಲು ಎರಡು ನಿಮಿಷ ಹತ್ತು ಸೆಕೆಂಡ್. ಬಾಟಲಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತಳದಲ್ಲಿ ಏನೂ ಕೂತಿರಲಿಲ್ಲ. ನೀರು ತಿಳಿ ಇತ್ತು.

ಆ ಬಾಟಲಿಯೇ ಈಗ ನನ್ನ ಮುಖ್ಯ ಸಾಮಾನು. ಪ್ರತಿ ಸೋಮವಾರ ಮಳೆ ಪುಸ್ತಕದಲ್ಲೇ ಪಕ್ಕಕ್ಕೆ ಬರೆಯುತ್ತೇನೆ: ಕೆರೆಯಲ್ಲಿ ನೀರು ಎಷ್ಟು, ವಾರದ ಮಳೆ ಎಷ್ಟು, ಬಾಟಲಿ ತುಂಬಲು ಎಷ್ಟು ಸೆಕೆಂಡ್, ತಳದಲ್ಲಿ ಮಣ್ಣು ಕೂತಿದೆಯೇ. ಕೆರೆ ತುಂಬಿದಾಗ ಒಸರು ಹೆಚ್ಚಾಗಿ, ಇಳಿದಾಗ ಕಡಿಮೆಯಾದರೆ ಗಾಬರಿ ಬೇಡ. ಕೆರೆ ನೀರು ಅಷ್ಟೇ ಇದ್ದು, ಮಳೆಯೂ ಇಲ್ಲದೆ ಬಾಟಲಿ ಬೇಗ ತುಂಬತೊಡಗಿದರೆ ಒಳಗೆ ದಾರಿ ದೊಡ್ಡದಾಗುತ್ತಿದೆ ಅಂತ ತಿಳಿಯಿರಿ. ಬಾಟಲಿ ತಳದಲ್ಲಿ ಕೆಂಪು ಮಣ್ಣು ಕೂತರೆ ಏರಿಯ ಹೊಟ್ಟೆಯೇ ಕೊಚ್ಚಿ ಬರುತ್ತಿದೆ ಅಂತ. ಅದು ಕಂಡ ದಿನವೇ ಕೆರೆ ಇಳಿಸಲು ಶುರು ಮಾಡಬೇಕು, ಎಂಜಿನಿಯರನ್ನು ಕರೆಸಬೇಕು.

ಇದ್ದಕ್ಕಿದ್ದಂತೆ ಒಸರು ನಿಂತರೂ ಖುಷಿಪಡಬೇಡಿ. ಒಳಗೆ ಎಲ್ಲೋ ಕುಸಿದು ದಾರಿ ಕಟ್ಟಿಕೊಂಡಿರಬಹುದು, ನೀರು ಬೇರೆ ಕಡೆ ಹೊರಡಬಹುದು. ಆಗ ಬುಡವೊಂದನ್ನೇ ಅಲ್ಲ, ಇಡೀ ಹಿಂಬದಿ ನೋಡಬೇಕು.

ಮರ, ಏಡಿ, ಹೆಗ್ಗಣ

ಏರಿ ಮೇಲೆ ಮರ ಇದ್ದರೆ ಬೇರು ಮಣ್ಣು ಹಿಡಿಯುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನಮ್ಮ ಮಾವನೂ ನಂಬಿದ್ದರು, ಹಿಂಬದಿಯಲ್ಲಿ ಸಾಲಾಗಿ ಸಿಲ್ವರ್ ಓಕ್ ನೆಡಿಸಿದ್ದರು. ಗಾಳಿಗೆ ಮರ ಬುಡಸಮೇತ ಬಿದ್ದರೆ ಬಂಡಿಗಟ್ಟಲೆ ಏರಿ ಮಣ್ಣನ್ನೂ ಎತ್ತಿಕೊಂಡು ಬೀಳುತ್ತದೆ. ಮರ ಸತ್ತರೆ ಬೇರು ಕೊಳೆತು ಪೈಪಿನಂಥ ಟೊಳ್ಳು ಉಳಿಯುತ್ತದೆ, ನೀರು ಅದನ್ನೇ ಹಿಡಿದು ಬರುತ್ತದೆ. ಏರಿಗೆ ಹುಲ್ಲು ಬಿಟ್ಟು ಬೇರೇನೂ ಬೇಡ. ಆದರೆ ಈಗಾಗಲೇ ದೊಡ್ಡದಾಗಿರುವ ಮರವನ್ನು ಮಳೆಗಾಲಕ್ಕೆ ಮುಂಚೆ ಅವಸರದಲ್ಲಿ ಕಡಿದುಹಾಕಬೇಡಿ. ಕಡಿದರೆ ಬೇರು ತೆಗೆದು, ಆ ಗುಂಡಿಗೆ ಜೇಡಿ ಬೆರೆತ ಮಣ್ಣನ್ನು ಅರ್ಧರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಬೇಕು, ಅಂದರೆ ಬಡಿದು ಗಟ್ಟಿ ಮಾಡಬೇಕು. ಕೆರೆ ಇಳಿದಿರುವ ಫೆಬ್ರವರಿ-ಮಾರ್ಚಿನಲ್ಲಿ, ತಿಳಿದವರನ್ನು ನಿಲ್ಲಿಸಿಕೊಂಡು ಮಾಡುವ ಕೆಲಸ ಅದು.

ಏಡಿ ತೂತು ಸಣ್ಣದು ಅಂತ ಬಿಡುವಂತಿಲ್ಲ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಏಡಿಗಳಿಂದಲೇ ಹೀಗಾಯಿತು ಅಂತ ಅಲ್ಲಿನ ಸಚಿವರೊಬ್ಬರು ಹೇಳಿ ಜನರ ಸಿಟ್ಟಿಗೆ ಗುರಿಯಾದರು, ಏಕೆಂದರೆ ಏರಿ ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ನನಗೆ ಆ ಸುದ್ದಿಯಲ್ಲಿ ಕಾಡುವುದು ಏಡಿಯಲ್ಲ, ಕೇಳದೆ ಬಿಟ್ಟ ಆ ದೂರು. ಲೈನಿನ ಹುಡುಗ ಬಂದು "ಅಲ್ಲಿ ನೀರು ಬರ್ತಿದೆ" ಅಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಹೋಗಿ ನೋಡಿ. ಹೆಗ್ಗಣ, ಮುಳ್ಳುಹಂದಿ ತೋಡಿದ ಬಿಲವನ್ನು ತುದಿಯವರೆಗೆ ಬಿಡಿಸಿ ಮೇಲೆ ಹೇಳಿದಂತೆಯೇ ದಮ್ಮಸು ಮಾಡಿ ಮುಚ್ಚಬೇಕು. ಬಾಯಿಗೆ ಕಲ್ಲು ತುರುಕಿದರೆ ಒಳಗಿನ ಟೊಳ್ಳು ಹಾಗೆಯೇ ಇರುತ್ತದೆ.

ನೆತ್ತಿ, ಬಿರುಕು, ತೂಬು

ಏರಿ ನೆತ್ತಿ ಮಟ್ಟವಾಗಿದೆ ಅಂತ ಕಣ್ಣಿಗೆ ಕಂಡರೆ ಸಾಲದು. ಗಾರೆಯವರು ಬಳಸುವ ಲೆವೆಲ್ ಪೈಪ್, ಆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಇಪ್ಪತ್ತು ಅಡಿಗೊಂದರಂತೆ ಮಟ್ಟ ಹಿಡಿಯಿರಿ. ಇಬ್ಬರಿಗೆ ಅರ್ಧ ದಿನದ ಕೆಲಸ. ನಮ್ಮದರಲ್ಲಿ ದೋಣಿ ಹತ್ತುವ ಮೆಟ್ಟಿಲಿನ ಹತ್ತಿರ ಏಳು ಇಂಚು ತಗ್ಗಿತ್ತು, ಜನ ಓಡಾಡಿ ಸವೆದದ್ದು. ನೀರು ಹತ್ತಿದರೆ ಮೊದಲು ನುಗ್ಗುವುದು ಅಲ್ಲಿ. ಹಾಗಾಗಿ ನೆತ್ತಿ ಎಷ್ಟೆತ್ತರ ಅಂತ ಲೆಕ್ಕ ಹಾಕುವಾಗ ಅತಿ ತಗ್ಗಿನ ಜಾಗವನ್ನೇ ಹಿಡಿಯಬೇಕು.

ಉದ್ದುದ್ದ ಬಿರುಕಿಗಿಂತ ಅಡ್ಡ ಬಿರುಕಿಗೆ ನಾನು ಹೆಚ್ಚು ಹೆದರುತ್ತೇನೆ. ಅದು ಕೆರೆಯ ಕಡೆಯಿಂದ ಹಿಂಬದಿಗೆ ನೀರಿಗೆ ನೇರ ದಾರಿ. ಉದ್ದ ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗಿಳಿದಿದ್ದರೆ ಅದೂ ಗಂಭೀರವೇ, ಆ ಬದಿ ಜಾರಲು ಹೊರಟಿದೆ ಅಂತ ಅರ್ಥ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಬರೆದಿಡಿ, ಮೇಲೆ ಟಾರ್ಪಾಲು ಹೊದಿಸಿ ಮಳೆನೀರು ಇಳಿಯದಂತೆ ಮಾಡಿ. ಸಿಮೆಂಟು ಹಾಲು ಸುರಿದು ಮುಚ್ಚಬೇಡಿ, ಬಿರುಕು ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಈಚೆಗೆ ಹೊಸದಾಗಿ ಕೆರೆ ಮಾಡಿಸುವವರು ಜೆಸಿಬಿಯಲ್ಲಿ ಮಣ್ಣು ಗುಡ್ಡೆ ಹಾಕಿಸಿ, ಬಕೆಟ್ಟಿನ ಬೆನ್ನಲ್ಲಿ ನಾಲ್ಕು ತಟ್ಟಿಸಿ ಏರಿ ಅನ್ನುತ್ತಾರೆ. ಕೆಳಗೆ ಕೊಲ್ಲಿಯ ಕಪ್ಪು ಮಣ್ಣು, ಕೊಳೆತ ಎಲೆ ಹಾಗೆಯೇ ಇರುತ್ತದೆ. ಅಂಥದ್ದು ಮೊದಲ ಸಲ ತುಂಬುವ ಮಳೆಗಾಲವೇ ಅತಿ ಅಪಾಯದ ಕಾಲ. ತುಂಬಲು ಬಿಡಬೇಡಿ, ಅರ್ಧಕ್ಕೆ ನಿಲ್ಲಿಸಿ ಒಂದು ವರ್ಷ ನೋಡಿ.

ತೂಬು ಅಂದರೆ ಏರಿಯ ತಳದಿಂದ ನೀರು ಹೊರಬಿಡುವ ಪೈಪು, ಅದರ ಬಾಗಿಲು. ಅದರ ವಿಷಯ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ವರ್ಷಕ್ಕೆ ಎರಡು ಸಲವಾದರೂ ತೆರೆದು ಮುಚ್ಚಿ ನೋಡಿ, ಇಲ್ಲದಿದ್ದರೆ ಬೇಕಾದ ರಾತ್ರಿ ಅದು ತಿರುಗುವುದಿಲ್ಲ. ಪೈಪಿನ ಒಳಗಿಂದ ನೀರು ಬರಲಿ, ಪೈಪಿನ ಹೊರಮೈ ಹಿಡಿದು ಬಂದರೆ ಅದು ಬಗ್ಗಡ ಒಸರಿನಷ್ಟೇ ಕೆಟ್ಟದ್ದು. ತೂಬು ಎಳೆಯುವ ಜಾಗದ ಸುತ್ತ, ಕೋಡಿಯ ಮುಂದೆ ತೇಲುಬುರುಡೆ ಕಟ್ಟಿದ ಹಗ್ಗ ಹಾಕಿ ದೋಣಿ, ಈಜು ಎರಡನ್ನೂ ದೂರ ಇಡಿ. ಕೋಡಿ ಹರಿಯಲು ಶುರುವಾದ ದಿನ ನಮ್ಮಲ್ಲಿ ದೋಣಿ ಬಂದ್, ಅತಿಥಿಗಳು ಎಷ್ಟೇ ಬೇಸರ ಮಾಡಿಕೊಂಡರೂ ಸರಿ. ಜೂನ್ ಬರುವ ಮುಂಚೆ ಕೆರೆಯನ್ನು ಕೋಡಿಯಿಂದ ನಾಲ್ಕಡಿ ಕೆಳಗಿಳಿಸಿ ಇಟ್ಟುಕೊಳ್ಳುತ್ತೇವೆ. ಇಳಿಸುವುದೂ ನಿಧಾನಕ್ಕೆ, ದಿನಕ್ಕೆ ಒಂದಡಿ ಮೀರದಂತೆ. ಒಮ್ಮೆಗೇ ಇಳಿಸಿದರೆ ನೀರು ಕುಡಿದು ಭಾರವಾಗಿರುವ ಒಳಬದಿಯ ಮಣ್ಣು ಆಸರೆ ತಪ್ಪಿ ಜಾರುತ್ತದೆ.

ಆ ರಾತ್ರಿ ಬಂದರೆ

ಹಿಂಬದಿಯಲ್ಲಿ ಬಗ್ಗಡ ನೀರು ಬುಗ್ಗೆಯಾಗಿ ಉಕ್ಕುವುದು, ಕೆರೆಯೊಳಗೆ ಸುಳಿ ಕಾಣುವುದು, ನೆತ್ತಿ ಕುಸಿಯುವುದು, ಕೋಡಿ ಪೂರ್ತಿ ಹರಿಯುತ್ತಿದ್ದರೂ ನೀರು ಏರುತ್ತಲೇ ಇರುವುದು. ಇವುಗಳಲ್ಲಿ ಯಾವುದು ಕಂಡರೂ ಮೊದಲು ಮಾಡುವ ಕೆಲಸ ಏರಿಯ ಮೇಲೆ ಅಲ್ಲ, ಏರಿಯ ಕೆಳಗೆ. ಜನರನ್ನು ಮೇಲಕ್ಕೆ ಹತ್ತಿಸಿ. ಕೆಳಗಿನ ಗದ್ದೆ ಮನೆಯವರಿಗೆ ಆಳು ಓಡಿಸಿ, ರಸ್ತೆಯ ಮೋರಿಯ ಎರಡೂ ಕಡೆ ಗಾಡಿ ತಡೆಯಲು ಒಬ್ಬೊಬ್ಬರನ್ನು ನಿಲ್ಲಿಸಿ. ಫೋನ್ ಸಿಕ್ಕರೆ 112ಕ್ಕೆ, ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಹೇಳಿ. ನಮ್ಮ ಕಡೆ ಮಳೆಗಾಲದಲ್ಲಿ ಫೋನ್ ಸಿಗದೇ ಇರುವುದೇ ಹೆಚ್ಚು, ಆದ್ದರಿಂದ ಕೂಗಿಗೆ ಬೇರೆ ಏರ್ಪಾಡು ಬೇಕು. ಕೋವಿ ಹಾರಿಸುವುದು ಅಂತ ಮೊದಲು ಅಂದುಕೊಂಡಿದ್ದೆವು, ಆದರೆ ನಮ್ಮಲ್ಲಿ ಎರಡು ಗುಂಡಿನ ಸದ್ದು ಕೇಳಿದರೆ ಜನ ಸಾವಿನ ಸುದ್ದಿ ಅಂತ ತಿಳಿದು ಮನೆ ಕಡೆ ಬರುತ್ತಾರೆ. ಹಾಜರಿಗೆ ಹೊಡೆಯುವ ಕಬ್ಬಿಣದ ಪಟ್ಟಿಯನ್ನೇ ನಿಲ್ಲಿಸದೆ ಬಡಿಯುವುದು ಅಂತ ಗೊತ್ತುಮಾಡಿದೆವು. ಲೈನಿನಲ್ಲಿ ಈಗ ಇಲ್ಲಿನ ಬುಡಕಟ್ಟಿನವರಾದ ಎರವರ ಎರಡು ಕುಟುಂಬ, ಉಳಿದವರು ಅಸ್ಸಾಮಿನವರು. ಅವರಿಗೆ ಹಿಂದಿಯಲ್ಲಿ ಹೇಳಿ, ಮೇ ಕೊನೆಯ ಭಾನುವಾರ ಒಮ್ಮೆ ಗಂಟೆ ಬಡಿದು ಎಲ್ಲರನ್ನೂ ಗೋದಾಮಿನವರೆಗೆ ನಡೆಸಿ ನೋಡುತ್ತೇವೆ. ಹೋದ ಸಲ ಏಳು ನಿಮಿಷ ಹಿಡಿಯಿತು, ಕೈಗೂಸಿನವರನ್ನೂ ಸೇರಿಸಿ.

ಜನ ಮೇಲೆ ಹೋದ ಮೇಲೆ ಮಾತ್ರ ಏರಿಯ ಮಾತು. ಕೋಡಿಯಲ್ಲಿ ಕಸ ಇದ್ದರೆ ಬಿಡಿಸಿ, ತೂಬು ಪೂರ್ತಿ ತೆಗೆಯಿರಿ, ಸ್ಪ್ರಿಂಕ್ಲರಿನ ಡೀಸೆಲ್ ಪಂಪು ಹಚ್ಚಿ. ಬುಗ್ಗೆ ಇನ್ನೂ ಸಣ್ಣದಿದ್ದರೆ ಅದರ ಸುತ್ತ ಮರಳಿನ ಚೀಲದ ಕಟ್ಟೆ ಕಟ್ಟಿ ಒಳಗೆ ನೀರು ಸ್ವಲ್ಪ ಎತ್ತರ ನಿಲ್ಲುವಂತೆ ಮಾಡಿ, ಬುಗ್ಗೆಯ ಬಾಯಿಗೆ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಿ. ನೀರು ಹೊರಗೆ ಬರುತ್ತಿರಲಿ, ಮಣ್ಣು ಬರುವುದು ನಿಲ್ಲಬೇಕು. ಜೇಡಿಮಣ್ಣು, ಕಾಂಕ್ರೀಟು, ಪ್ಲಾಸ್ಟಿಕ್ ಹಾಕಿ ಹಿಂಬದಿಯ ಬಾಯಿ ಕಟ್ಟಿದರೆ ಒತ್ತಡ ಒಳಗೇ ಬೆಳೆದು ಇಡೀ ಬದಿ ಕಿತ್ತುಕೊಂಡು ಬರುತ್ತದೆ. ಇದಕ್ಕೆ ಬೇಕಾಗುವ ಮರಳು, ಜಲ್ಲಿ ಮಳೆ ಶುರುವಾದ ಮೇಲೆ ಸಿಗುವುದಿಲ್ಲ. ನಮ್ಮಲ್ಲಿ ಏರಿಯ ಬಲತುದಿಯ ಎತ್ತರದಲ್ಲಿ ಒಂದು ಲೋಡ್ ಮರಳು, ಒಂದು ಲೋಡ್ ಜಲ್ಲಿ, ಇನ್ನೂರು ಖಾಲಿ ಗೊಬ್ಬರದ ಚೀಲ ಮುಚ್ಚಿಟ್ಟಿರುತ್ತೇವೆ. ಬುಗ್ಗೆ ಬಿಂದಿಗೆಯಷ್ಟು ದಪ್ಪವಾಗಿದ್ದರೆ, ಏರಿ ಅದುರುವಂತೆ ಅನಿಸಿದರೆ, ಎಲ್ಲವನ್ನೂ ಅಲ್ಲೇ ಬಿಟ್ಟು ನೀವೂ ಹತ್ತಿ ಬನ್ನಿ.

ಆರು ಲೈನ್ ಮನೆಗಳಲ್ಲಿ ನಾಲ್ಕನ್ನು 2022ರಲ್ಲಿ ಗೋದಾಮಿನ ಪಕ್ಕದ ಎತ್ತರಕ್ಕೆ ಹೊಸದಾಗಿ ಕಟ್ಟಿಸಿದೆವು. ಉಳಿದ ಎರಡಕ್ಕೆ ಈ ಬೇಸಿಗೆಯಲ್ಲಿ ತಳಪಾಯ ಹಾಕಿಸಿದೆ, ಕಲ್ಲು ಬಂದಿದೆ, ಹೆಂಚು ಬರಬೇಕು. ಕಕ್ಕಡಕ್ಕೆ ಮುಂಚೆ ಅವು ಮುಗಿಯದಿದ್ದರೆ ಆ ಎರಡು ಸಂಸಾರಗಳು ಮಳೆ ಮುಗಿಯುವವರೆಗೆ ಹೋಂಸ್ಟೇಯ ಹಿಂದಿನ ಎರಡು ಕೋಣೆಯಲ್ಲಿರಲಿ ಅಂತ ಹೇಳಿದ್ದೇನೆ.